ಸಣ್ಣ ಡಿಜಿಟಲ್ ಕ್ಯಾಮೆರಾ ಕೆಟ್ಟುಹೋಯಿತೇ? ಕಡಿಮೆ ದುಡ್ಡಿಗೆ ಇನ್ನೊಂದನ್ನು ಆರಿಸುವುದು ಹೀಗೆ

ಮನೆಯ ಸಣ್ಣ ಡಿಜಿಟಲ್ ಕ್ಯಾಮೆರಾ ಕೈಕೊಟ್ಟಿದೆ, ಜೇಬಿನಲ್ಲಿ ಹಿಡಿಯುವಂಥದ್ದೇ ಇನ್ನೊಂದು ಬೇಕು, ಜಾಸ್ತಿ ದುಡ್ಡು ಹಾಕಲಾರೆ, ಯಾವುದು ತಗೊಳ್ಳಲಿ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹೆಚ್ಚಿನವರಿಗೆ ಒಂದು ಮಾಡೆಲ್ ಹೆಸರು ಹೇಳಿದರೆ ಸಾಕು. ಆದರೆ ಹೆಸರು ಹೇಳಿ ಸುಮ್ಮನಾಗುವ ಹಾಗಿಲ್ಲ. ಈ ಬೆಲೆಯಲ್ಲಿ ಸಿಗುವುದು ಬಹುಪಾಲು ಹಳೆಯ ಮಾಲು. ಹಳೆಯ ಮಾಲಿನಲ್ಲಿ ಮಾಡೆಲ್ ಹೆಸರಿಗಿಂತ ನಿಮ್ಮ ಕೈಗೆ ಬರುವ ಆ ಒಂದು ಪೀಸ್ ಹೇಗಿದೆ ಅನ್ನುವುದೇ ಮುಖ್ಯ.

ಹೊಸದು ಯಾಕೆ ಸಿಗುತ್ತಿಲ್ಲ ಅನ್ನುತ್ತೀರಾ? ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆಲ್ಲ ಸೇರಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಹೋಗಿದ್ದವು. ಅವುಗಳಲ್ಲಿ ದೊಡ್ಡ ಪಾಲು ಜೇಬಿನ ಕ್ಯಾಮೆರಾಗಳದ್ದೇ. 2023ರ ಹೊತ್ತಿಗೆ ದೊಡ್ಡದು ಸಣ್ಣದು ಎಲ್ಲ ಸೇರಿಸಿದರೂ 80 ಲಕ್ಷ ಮುಟ್ಟಲಿಲ್ಲ. ಫೋನ್ ಎಲ್ಲವನ್ನೂ ನುಂಗಿತು. ಕಂಪನಿಗಳು ಅಗ್ಗದ ಮಾಡೆಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ದುಬಾರಿ ಮಾಡೆಲ್‌ಗಳನ್ನು ಮಾತ್ರ ಉಳಿಸಿಕೊಂಡವು. ಇದರ ಮೇಲೆ ಈಗ ಕಾಲೇಜು ಹುಡುಗ ಹುಡುಗಿಯರಿಗೆ ಹಳೇ ಕ್ಯಾಮೆರಾದ ಹುಚ್ಚು ಹಿಡಿದಿದೆ. ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಮಾಲಿಗೂ ಬೆಲೆ ಬಂದಿದೆ.

ಹಾಗಾಗಿ ಆತುರ ಬೇಡ. ಈ ಹಂತಗಳನ್ನು ಒಂದೊಂದಾಗಿ ಮುಗಿಸಿ.

ಹಂತ 1: ಹಳೆಯದು ನಿಜಕ್ಕೂ ಸತ್ತಿದೆಯಾ?

ಅರ್ಧಕ್ಕರ್ಧ ಜನ ಈ ಹಂತ ಬಿಟ್ಟುಬಿಡುತ್ತಾರೆ. ಕ್ಯಾಮೆರಾ ಆನ್ ಆಗುತ್ತಿಲ್ಲ ಅಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ ಇರಲಿ. ಲಿಥಿಯಂ ಬ್ಯಾಟರಿ ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಚಾರ್ಜ್ ಹಿಡಿಯುವುದಿಲ್ಲ. ಚಾರ್ಜರ್ ಹಸಿರು ದೀಪ ತೋರಿಸಿದರೂ ಎರಡು ಫೋಟೊ ತೆಗೆಯುವಷ್ಟರಲ್ಲಿ ಮಲಗಿಬಿಡುತ್ತದೆ. ಹೊಸ ಬ್ಯಾಟರಿ ಹಾಕಿ ನೋಡಿ. ಹಳೆಯದು ಉಬ್ಬಿದ್ದರೆ ಚಾರ್ಜ್‌ಗೆ ಹಾಕಲೇಬೇಡಿ, ಬೆಂಕಿಯ ಅಪಾಯ ಇದೆ.

ಎರಡನೆಯದು ಕಾರ್ಡ್. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನ ತುದಿಯಷ್ಟು ಸಣ್ಣ ಜಾರುಗುಂಡಿ ಇರುತ್ತದೆ. ಕಾರ್ಡ್ ತೆಗೆದು ಹಾಕುವಾಗ ಅದು ಕೆಳಗೆ ಜಾರಿದರೆ ಕಾರ್ಡ್ ಲಾಕ್ ಆಗುತ್ತದೆ. ಕ್ಯಾಮೆರಾ ಫೋಟೊ ತೆಗೆಯಲು ಒಪ್ಪುವುದಿಲ್ಲ. ಗುಂಡಿಯನ್ನು ಮೇಲೆ ತಳ್ಳಿದರೆ ಕೆಲಸ ಮುಗಿಯಿತು.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ಸೆಲ್ ಕೂರುವ ಗೂಡನ್ನು ನೋಡಿ. ಸೆಲ್ ಸೋರಿ ತಗಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರಬಹುದು. ಹತ್ತಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿ, ಹೊಸ ಸೆಲ್ ಹಾಕಿ ನೋಡಿ.

ಲೆನ್ಸ್ ಅರ್ಧ ಹೊರಗೆ ಬಂದು ನಿಂತು ‘ಲೆನ್ಸ್ ಎರರ್’ ಅಂತ ತೋರಿಸಿದರೆ ಮಾತ್ರ ಕಷ್ಟ. ಸಾಮಾನ್ಯವಾಗಿ ಕ್ಯಾಮೆರಾ ಬಿದ್ದಿರುತ್ತದೆ ಅಥವಾ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಬ್ಯಾಟರಿ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡು, ಊದುಬುರುಡೆಯಿಂದ ಲೆನ್ಸ್ ಸುತ್ತಲ ಸಂದಿಗೆ ಗಾಳಿ ಹೊಡೆದು, ಇನ್ನೊಮ್ಮೆ ಆನ್ ಮಾಡಿ ನೋಡಿ. ಆಗಲಿಲ್ಲ ಅಂದರೆ ರಿಪೇರಿಗೆ ಎಷ್ಟಾಗುತ್ತದೆ ಕೇಳಿ. ಅಂಥದ್ದೇ ಕ್ಯಾಮೆರಾದ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೇಳಿದರೆ ರಿಪೇರಿ ಬೇಡ. ಇದು ನನ್ನ ಲೆಕ್ಕ. ಬಿಚ್ಚಿ ಒತ್ತಿ ಎಳೆದು ಸರಿ ಮಾಡುವ ವಿಡಿಯೊಗಳು ಬೇಕಾದಷ್ಟಿವೆ, ಅವನ್ನು ನಂಬಿ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ಫ್ಲ್ಯಾಶ್‌ಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಒಳಗಿದೆ, ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯಬಲ್ಲದು.

ಹಂತ 2: ಫೋನ್ ಇರುವಾಗ ಕ್ಯಾಮೆರಾ ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ

ಇಲ್ಲಿ ಮುಚ್ಚುಮರೆ ಬೇಡ. ಕತ್ತಲಲ್ಲಿ, ಮನೆಯ ಟ್ಯೂಬ್‌ಲೈಟ್ ಬೆಳಕಲ್ಲಿ, ಒಂದು ಒಳ್ಳೆಯ ಫೋನ್ ಅಗ್ಗದ ಸಣ್ಣ ಕ್ಯಾಮೆರಾವನ್ನು ಸೋಲಿಸುತ್ತದೆ. ಬರೀ ‘ಫೋಟೊ ಚೆನ್ನಾಗಿ ಬರಲಿ’ ಅನ್ನುವುದಷ್ಟೇ ಆಸೆ ಆದರೆ ಆ ದುಡ್ಡನ್ನು ಮುಂದಿನ ಫೋನಿಗೆ ಎತ್ತಿಡಿ.

ಸಣ್ಣ ಕ್ಯಾಮೆರಾ ಗೆಲ್ಲುವ ಜಾಗಗಳು ಬೇರೆ. ದೂರದ್ದನ್ನು ನಿಜವಾಗಿ ಹತ್ತಿರ ತರುವ ಜೂಮ್ ಅದರಲ್ಲಿದೆ. ಫೋನಿನ ಎಲ್‌ಇಡಿ ದೀಪದಂತಲ್ಲದೆ ಕ್ಷಣದಲ್ಲಿ ಜೋರಾಗಿ ಹೊಡೆಯುವ ಕ್ಸೆನಾನ್ ಫ್ಲ್ಯಾಶ್ ಇದೆ. ಫೋನ್ ಬಿಡದ ಶಾಲೆಯ ಪ್ರವಾಸಕ್ಕೆ ಮಗುವಿನ ಕೈಗೆ ಕೊಡಬಹುದು. ಟಚ್ ಸ್ಕ್ರೀನ್ ಒಗ್ಗದ ಹಿರಿಯರು ಒಂದು ಗುಂಡಿ ಒತ್ತಿದರೆ ಸಾಕು. ಹೊಲ, ಕಟ್ಟಡ, ಸರ್ವೆ ಕೆಲಸದಲ್ಲಿ ಫೋನನ್ನು ಧೂಳಿಗೆ ಒಡ್ಡುವುದು ತಪ್ಪುತ್ತದೆ. ಇವುಗಳಲ್ಲಿ ನಿಮ್ಮದು ಯಾವುದು? ಒಂದು ಸಾಲಿನಲ್ಲಿ ಬರೆದಿಡಿ. ಅಂಗಡಿಯವನು ಇನ್ನೇನೋ ತೋರಿಸಿ ತಲೆ ಕೆಡಿಸುವಾಗ ಆ ಸಾಲು ಕೆಲಸಕ್ಕೆ ಬರುತ್ತದೆ.

ಹಂತ 3: ನಿಮ್ಮ ಹಳೆಯ ಫೋಟೊಗಳನ್ನು ತೆರೆಯಿರಿ

ಸಲಹೆ ಕೇಳುವ ಮೊದಲು ಇದನ್ನು ಮಾಡಿ. ಹಳೆಯ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳಲ್ಲಿ ಮನೆಯವರು ಇವತ್ತಿಗೂ ತೆರೆದು ನೋಡುವಂಥವನ್ನು ಆರಿಸಿ. ಕಂಪ್ಯೂಟರ್‌ನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದರೆ ಆ ಫೋಟೊ ತೆಗೆದಾಗ ಎಷ್ಟು ಜೂಮ್ ಇತ್ತು, ಫ್ಲ್ಯಾಶ್ ಹೊಡೆದಿತ್ತೇ, ಎಲ್ಲ ಸಿಗುತ್ತದೆ. ಜೂಮ್ ಅಲ್ಲಿ ‘ಫೋಕಲ್ ಲೆಂತ್’ ಹೆಸರಲ್ಲಿ, ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. ಅಂಕಿ ಸಣ್ಣದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ.

ಬಹಳ ಜನರ ವಿಷಯದಲ್ಲಿ ಹೊರಬೀಳುವುದು ಇದು: ಒಳ್ಳೆಯ ಫೋಟೊಗಳೆಲ್ಲ ಜೂಮ್ ಮಾಡದೆ ತೆಗೆದಂಥವು. ನಾಮಕರಣ, ಗೃಹಪ್ರವೇಶ, ಊಟದ ಪಂಕ್ತಿ, ಮಕ್ಕಳು. ಹಾಗಿದ್ದರೆ 40 ಪಟ್ಟು ಜೂಮ್‌ಗೆ ದುಡ್ಡು ಯಾಕೆ? ನಿಮ್ಮ ಫೋಲ್ಡರ್ ತುಂಬ ಹಕ್ಕಿಗಳು, ಯಕ್ಷಗಾನದ ರಂಗಸ್ಥಳ, ಮಗಳ ಶಾಲೆಯ ವೇದಿಕೆ ಇದ್ದರೆ ಮಾತ್ರ ಜೂಮ್ ಬೇಕು.

ಹಾಗೆಯೇ ಹಾಳಾದ ಫೋಟೊಗಳನ್ನೂ ನೋಡಿ. ಅಲುಗಾಡಿ ಮಸುಕಾಗಿವೆಯೋ, ಕತ್ತಲಲ್ಲಿ ಕಾಳುಕಾಳಾಗಿವೆಯೋ, ಮೂಲೆಯಲ್ಲಿದ್ದ ಅತ್ತೆ ಅರ್ಧ ಕತ್ತರಿಸಿ ಹೋಗಿದ್ದಾರೋ. ಹೊಸ ಕ್ಯಾಮೆರಾ ಯಾವುದನ್ನು ಸರಿಮಾಡಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹಂತ 4: ಡಬ್ಬಿಯ ಮೇಲಿನ ಅಂಕಿಗಳನ್ನು ಓದುವುದು

ಮೆಗಾಪಿಕ್ಸೆಲ್ ಅಂದರೆ ಫೋಟೊದಲ್ಲಿ ಎಷ್ಟು ಲಕ್ಷ ಚುಕ್ಕಿಗಳಿವೆ ಅನ್ನುವ ಲೆಕ್ಕ. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ. ಸ್ಟುಡಿಯೊದವರು ಕೊಡುವ 6x4 ಇಂಚಿನ ಪ್ರಿಂಟ್‌ಗೆ ಎರಡು ಚಿಲ್ಲರೆ ಮೆಗಾಪಿಕ್ಸೆಲ್ ಸಾಕು. ಎ4 ಹಾಳೆಯಷ್ಟು ದೊಡ್ಡ ಪ್ರಿಂಟ್‌ಗೂ 9ರ ಆಸುಪಾಸು ಸಾಕು. ಹಾಗಾಗಿ 10 ಮೆಗಾಪಿಕ್ಸೆಲ್ ಇರುವ 2010ರ ಕ್ಯಾಮೆರಾವನ್ನು ‘ಅಯ್ಯೋ ಹತ್ತೇನಾ’ ಅಂತ ಪಕ್ಕಕ್ಕಿಡಬೇಡಿ.

ಸೆನ್ಸರ್‌ಗೆ ಗಮನ ಕೊಡಿ. ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್ ಇದು, ದೊಡ್ಡದಾದಷ್ಟೂ ಕಡಿಮೆ ಬೆಳಕಿನಲ್ಲಿ ಚಿತ್ರ ಚೊಕ್ಕ. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ‘1/2.3 ಇಂಚು’ ಅಂತ ಇರುತ್ತದೆ. ಅಂದರೆ ಸುಮಾರು 6 ಮಿ.ಮೀ. ಅಗಲ, ನಾಲ್ಕೂವರೆ ಮಿ.ಮೀ. ಎತ್ತರ. ಅದರ ಮೇಲೆ ‘1/1.7 ಇಂಚು’. ಆಮೇಲೆ ‘1 ಇಂಚು’. ಹೆಸರಿಗೆ ಒಂದು ಇಂಚು, ಅಳತೆ ಮಾಡಿದರೆ 13.2 x 8.8 ಮಿ.ಮೀ. ಮಾತ್ರ. ಆದರೂ ಮೊದಲನೆಯದಕ್ಕಿಂತ ನಾಲ್ಕು ಪಟ್ಟು ದೊಡ್ಡ ಜಾಗ. ಮದುವೆ ಮನೆ, ದೇವಸ್ಥಾನದ ಒಳಾಂಗಣ, ಸಂಜೆ ಹೊತ್ತಿನ ಫೋಟೊಗಳೇ ನಿಮ್ಮವು ಅಂತಾದರೆ ಜೂಮ್ ಬಿಟ್ಟು ಸೆನ್ಸರ್‌ಗೆ ದುಡ್ಡು ಹಾಕಿ.

ಲೆನ್ಸ್ ಮೇಲೆ ಬರೆದಿರುವ ‘1:2.8–5.9’ ಥರದ ಅಂಕಿ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನುವುದನ್ನು ಹೇಳುತ್ತದೆ. ಇದು ಉಲ್ಟಾ ಲೆಕ್ಕ, ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಮೊದಲ ಅಂಕಿ ಜೂಮ್ ಮಾಡದೆ ಇದ್ದಾಗಿನದು, ಎರಡನೆಯದು ಪೂರ್ತಿ ಜೂಮ್ ಮಾಡಿದಾಗಿನದು. 5.9 ಅಂದರೆ ಕಲ್ಯಾಣ ಮಂಟಪದ ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಜೂಮ್ ಹಾಕಿದರೆ ಫೋಟೊ ಅಲುಗಾಡುವುದು ಬಹುತೇಕ ಗ್ಯಾರಂಟಿ.

ಜೂಮ್‌ನಲ್ಲಿ ಎರಡು ಜಾತಿ. ಆಪ್ಟಿಕಲ್ ಜೂಮ್ ಅಂದರೆ ಲೆನ್ಸ್‌ನ ಗಾಜುಗಳೇ ಸರಿದು ದೂರದ್ದನ್ನು ಹತ್ತಿರ ತರುವುದು. ಡಿಜಿಟಲ್ ಜೂಮ್ ಅಂದರೆ ಫೋಟೊದ ನಡುಭಾಗ ಕತ್ತರಿಸಿ ಹಿಗ್ಗಿಸುವುದು, ಅದನ್ನು ನೀವೇ ಆಮೇಲೆ ಮಾಡಬಹುದು. ‘5 ಪಟ್ಟು’, ‘10 ಪಟ್ಟು’ ಅನ್ನುವುದು ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ‘35 ಎಂಎಂ ಸಮಾನ’ ಅಂತ ಕೊಟ್ಟಿರುವ ಅಂಕಿ ನೋಡಿ (ಫೋಟೊದ ಡೀಟೇಲ್ಸ್‌ನಲ್ಲಿ ಕಾಣುವ ಫೋಕಲ್ ಲೆಂತ್ ಸಾಮಾನ್ಯವಾಗಿ ಇದಕ್ಕಿಂತ ಬಹಳ ಸಣ್ಣದಿರುತ್ತದೆ). ಅದು 24 ಅಥವಾ 25 ಮಿ.ಮೀ.ನಿಂದ ಶುರುವಾದರೆ ಸಣ್ಣ ಕೋಣೆಯಲ್ಲೂ ಇಡೀ ಕುಟುಂಬ ಹಿಡಿಸುತ್ತದೆ. 35ರಿಂದ ಶುರುವಾಗುವ ಹಳೆಯ ಮಾಡೆಲ್ ಆದರೆ ನೀವು ಗೋಡೆಗೆ ಒರಗಿ ನಿಲ್ಲಬೇಕು.

ಕೈನಡುಕ ತಡೆಯುವ ಸೌಲಭ್ಯವೂ ಬೇಕು. ಕ್ಯಾನನ್‌ನವರು ಐಎಸ್, ನಿಕಾನ್‌ನವರು ವಿಆರ್, ಪ್ಯಾನಾಸೋನಿಕ್‌ನವರು ಓಐಎಸ್, ಸೋನಿಯವರು ಸ್ಟೆಡಿಶಾಟ್ ಅನ್ನುತ್ತಾರೆ. ಅದು ‘ಆಪ್ಟಿಕಲ್’ ಆಗಿರಲಿ, ‘ಡಿಜಿಟಲ್’ ಅಂತಿದ್ದರೆ ಸ್ಥಿರ ಚಿತ್ರಕ್ಕೆ ಅಷ್ಟು ಪ್ರಯೋಜನವಿಲ್ಲ.

ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ಇದ್ದರೆ ಬಣ್ಣ ಅದ್ಭುತ ಅಂತ ಈಗ ಹಳೇ ಕ್ಯಾಮೆರಾಗಳನ್ನು ಜಾಸ್ತಿ ಬೆಲೆಗೆ ಮಾರುತ್ತಿದ್ದಾರೆ. ಆ ನೋಟ ಬರುವುದು ಹೆಚ್ಚಾಗಿ ಜೋರು ಫ್ಲ್ಯಾಶ್‌ನಿಂದ ಮತ್ತು ಕ್ಯಾಮೆರಾ ಒಳಗೇ ಬಣ್ಣ ಹದ ಮಾಡುವ ರೀತಿಯಿಂದ. ಆ ಮೂರು ಅಕ್ಷರಕ್ಕೆ ಅಂತ ಬೇರೆ ದುಡ್ಡು ಕೊಡಬೇಡಿ.

ಹಂತ 5: ಕ್ಯಾಮೆರಾಗಿಂತ ಮೊದಲು ಬ್ಯಾಟರಿ ಹುಡುಕಿ

ಮನಸ್ಸಿಗೆ ಹಿಡಿಸಿದ ಮಾಡೆಲ್ ಸಿಕ್ಕಿತು ಅಂದುಕೊಳ್ಳಿ. ಮೊದಲು ಅದರ ಬ್ಯಾಟರಿಯ ನಂಬರ್ ತಿಳಿದುಕೊಂಡು ಅದು ಇವತ್ತು ಸಿಗುತ್ತದೆಯೇ ನೋಡಿ. ಬ್ಯಾಟರಿ ಸಿಗದ ಕ್ಯಾಮೆರಾ ಉಚಿತವಾಗಿ ಕೊಟ್ಟರೂ ಬೇಡ. ಸೋನಿ ಆರ್‌ಎಕ್ಸ್100 ಸಾಲಿನ ಎಲ್ಲಾ ಮಾಡೆಲ್‌ಗಳಿಗೂ ಎನ್‌ಪಿ-ಬಿಎಕ್ಸ್1 ಎಂಬ ಒಂದೇ ಬ್ಯಾಟರಿ. ಕ್ಯಾನನ್‌ನ ಜಿ7 ಎಕ್ಸ್ ಸಾಲಿಗೂ ಎಸ್‌ಎಕ್ಸ್620ರಿಂದ ಎಸ್‌ಎಕ್ಸ್740ವರೆಗಿನ ಜೂಮ್ ಮಾಡೆಲ್‌ಗಳಿಗೂ ಎನ್‌ಬಿ-13ಎಲ್. ನಿಕಾನ್‌ನ ಬಹಳಷ್ಟು ಕೂಲ್‌ಪಿಕ್ಸ್‌ಗಳಿಗೆ ಇಎನ್-ಇಎಲ್12 ಅಥವಾ ಇಎನ್-ಇಎಲ್19. ಹೀಗೆ ಹಲವು ಮಾಡೆಲ್‌ಗಳಿಗೆ ಹೊಂದುವ ಬ್ಯಾಟರಿ ಬಹಳ ಕಾಲ ಸಿಗುತ್ತಿರುತ್ತದೆ. ಬೇರೆ ಕಂಪನಿ ಮಾಡಿದ ಬ್ಯಾಟರಿ ಪರವಾಗಿಲ್ಲ, ತೀರಾ ಅಗ್ಗದ್ದು ಮಾತ್ರ ಬೇಡ.

ಪೆನ್ಸಿಲ್ ಸೆಲ್ ಕ್ಯಾಮೆರಾಗಳಿಗೆ ಈ ಚಿಂತೆ ಇಲ್ಲ, ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆದರೆ ಗಡಿಯಾರಕ್ಕೆ ಹಾಕುವ ಮಾಮೂಲಿ ಸೆಲ್ ಹಾಕಿದರೆ ನಾಲ್ಕಾರು ಫೋಟೊಗೆ ‘ಬ್ಯಾಟರಿ ಖಾಲಿ’ ಅನ್ನುತ್ತದೆ. ಎಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್ ಎರಡು ಜೊತೆ ಮತ್ತು ಅದರ ಚಾರ್ಜರ್ ಇಟ್ಟುಕೊಳ್ಳಿ.

ಕಾರ್ಡಿನ ವಿಷಯದಲ್ಲೂ ಹೀಗೇ. ಹಳೆಯ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕ್ಯಾಮೆರಾಗಳಿಗೆ ಎಕ್ಸ್‌ಡಿ ಕಾರ್ಡ್ ಬೇಕು, 2010ಕ್ಕಿಂತ ಹಿಂದಿನ ಸೋನಿಗಳಿಗೆ ಮೆಮೊರಿ ಸ್ಟಿಕ್ ಬೇಕು. ಎರಡನ್ನೂ ಹುಡುಕಿಕೊಂಡು ಅಲೆಯಬೇಕಾದೀತು, ಬಿಟ್ಟುಬಿಡಿ. ಎಸ್‌ಡಿ ಕಾರ್ಡ್ ಹಾಕುವಂಥದ್ದನ್ನೇ ನೋಡಿ. ಅದರಲ್ಲೂ ನಿಮಗೆ ಎದುರಾಗುವುದು ಮೂರು ತಲೆಮಾರು: ಬರೀ ಎಸ್‌ಡಿ 2 ಜಿಬಿವರೆಗೆ, ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದರ ಮೇಲೆ 2 ಟಿಬಿವರೆಗೆ ಎಸ್‌ಡಿಎಕ್ಸ್‌ಸಿ. ಹಳೆಯ ಕ್ಯಾಮೆರಾಗೆ 64 ಜಿಬಿ ಕಾರ್ಡ್ ಹಾಕಿ ‘ಕ್ಯಾಮೆರಾ ಕೆಟ್ಟಿದೆ’ ಅನ್ನುವವರು ತುಂಬ. ಕಾರ್ಡ್ ಬಾಗಿಲ ಹತ್ತಿರ ಯಾವ ಗುರುತಿದೆ ನೋಡಿ. 16 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡ್ ಬಹುತೇಕ ಎಲ್ಲರಿಗೂ ಸಾಕು.

ವೈಫೈ ಇದೆ ಅಂತ ಹಿಗ್ಗಬೇಡಿ. ಹತ್ತು ವರ್ಷ ಹಿಂದಿನ ಕ್ಯಾಮೆರಾದ ಆ್ಯಪ್ ಇವತ್ತಿನ ಫೋನಿನಲ್ಲಿ ನಡೆಯದೇ ಇರಬಹುದು. ಫೋನಿಗೆ ಚುಚ್ಚುವ ಸಣ್ಣ ಕಾರ್ಡ್ ರೀಡರ್ ತಗೊಂಡರೆ ಫೋಟೊ ಕ್ಷಣದಲ್ಲಿ ವಾಟ್ಸಾಪ್ ಮುಟ್ಟುತ್ತದೆ.

ನಿಮ್ಮ ಬಜೆಟ್ 8,000 ರೂಪಾಯಿ ಆದರೆ ಬ್ಯಾಟರಿ, ಕಾರ್ಡ್, ರೀಡರ್‌ಗೆ ಅಂತ 1,500 ಮೊದಲೇ ಎತ್ತಿಡಿ. ಕ್ಯಾಮೆರಾಗೆ ಉಳಿದದ್ದು 6,500.

ಹಂತ 6: ಹೊಸದೋ, ಸೆಕೆಂಡ್ ಹ್ಯಾಂಡೋ

ಮೊದಲು ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ‘48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಜೂಮ್’ ಅಂತ ಹೊಳೆಯುವ ಪುಟ್ಟ ಕ್ಯಾಮೆರಾಗಳು ಕೆಲವು ಸಾವಿರಕ್ಕೆ ಸಿಗುತ್ತವೆ. ಹಿಂದೆ ಮುಂದೆ ಗೊತ್ತಿಲ್ಲದ ಬ್ರಾಂಡ್. ವಿವರ ಓದಿ ನೋಡಿ: ಜೂಮ್ ಪಕ್ಕದಲ್ಲಿ ‘ಡಿಜಿಟಲ್’ ಅಂತಿರುತ್ತದೆ, ಆಪ್ಟಿಕಲ್ ಅನ್ನುವ ಮಾತೇ ಇರುವುದಿಲ್ಲ. ಸೆನ್ಸರ್ ಎಷ್ಟು ದೊಡ್ಡದು ಅಂತ ಬರೆದಿರುವುದಿಲ್ಲ. ಆನ್ ಮಾಡಿದರೆ ಲೆನ್ಸ್ ಹೊರಗೆ ಬರುವುದಿಲ್ಲ, ಯಾಕೆಂದರೆ ಸರಿಯುವ ಲೆನ್ಸೇ ಇಲ್ಲ. ಒಳಗಿರುವುದು ಅಗ್ಗದ ಫೋನಿನಂಥ ಸಣ್ಣ ಸೆನ್ಸರ್. ಅದು ಹಿಡಿದ ಚುಕ್ಕಿಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಚುಕ್ಕಿ ತುಂಬಿ 48 ಮಾಡಿ ತೋರಿಸುತ್ತಾರೆ. ಹಾಲಿಗೆ ನೀರು ಬೆರೆಸಿ ಲೀಟರ್ ಜಾಸ್ತಿ ಮಾಡಿದ ಹಾಗೆ. ಐದು ವರ್ಷದ ಮಗುವಿಗೆ ಆಟಕ್ಕೆ ಬೇಕಾದರೆ ಕೊಡಿಸಿ, ಬೇರೆ ಯಾವುದಕ್ಕೂ ಬೇಡ.

ಕೊಡಾಕ್ ಹೆಸರಿನ ಪಿಕ್ಸ್‌ಪ್ರೊ ಕ್ಯಾಮೆರಾಗಳು ಈ ಗುಂಪಿಗೆ ಸೇರಿದವಲ್ಲ. ಅವನ್ನು ಮಾಡುವುದು ಹಳೆಯ ಕೊಡಾಕ್ ಅಲ್ಲ, ಜೆಕೆ ಇಮೇಜಿಂಗ್ ಎಂಬ ಕಂಪನಿ ಆ ಹೆಸರಿನ ಲೈಸೆನ್ಸ್ ಪಡೆದು ಮಾರುತ್ತದೆ. ಆದರೆ ಎಫ್‌ಜೆಡ್55ರಂಥ ಮಾಡೆಲ್‌ಗಳಲ್ಲಿ ನಿಜವಾದ 5 ಪಟ್ಟು ಆಪ್ಟಿಕಲ್ ಜೂಮ್ ಇದೆ, ಕ್ಸೆನಾನ್ ಫ್ಲ್ಯಾಶ್ ಇದೆ. ಹಗಲು ಬೆಳಕಿಗೆ ಸಾಕು. ಹೊಸದೇ ಬೇಕು, ಸೆಕೆಂಡ್ ಹ್ಯಾಂಡ್ ತಲೆನೋವು ಬೇಡ ಅನ್ನುವವರು ನೋಡಬಹುದು.

ಹೊಸದು ಕೊಳ್ಳುವುದಾದರೆ ಡಬ್ಬಿಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿದ್ದಾರೆಯೇ ನೋಡಿ. ನಮ್ಮ ದೇಶದಲ್ಲಿ ಆಮದು ಮಾಲಿಗೆ ಅದು ಕಡ್ಡಾಯ. ಚೀಟಿ ಇಲ್ಲ, ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ ಸಾರ್’ ಅಂದರೆ ಅದು ಹಿಂಬಾಗಿಲಿಂದ ಬಂದ ಮಾಲು. ಕಂಪನಿಯ ವಾರಂಟಿ ಸಿಗುವುದಿಲ್ಲ.

ನನ್ನನ್ನು ಕೇಳಿದರೆ, ಇದೇ ದುಡ್ಡಿಗೆ ಹೆಸರಾಂತ ಕಂಪನಿಯ ಹಳೆಯ ಕ್ಯಾಮೆರಾ, ಚೆನ್ನಾಗಿ ಇಟ್ಟುಕೊಂಡಿದ್ದು ಸಿಕ್ಕರೆ, ಅದೇ ಮೇಲು. ಹುಡುಕಾಟಕ್ಕೆ ಕೆಲವು ಹೆಸರು ಕೊಡುತ್ತೇನೆ.

ಮನೆ ಮಂದಿ, ಸಮಾರಂಭ, ಪ್ರವಾಸ, ಕಡಿಮೆ ಬಜೆಟ್: ಕ್ಯಾನನ್ ಇಕ್ಸಸ್ ಸಾಲಿನಲ್ಲಿ ಹೆಸರಿನ ಕೊನೆಗೆ ‘ಎಚ್‌ಎಸ್’ ಇರುವಂಥವು. 2016ರ ಇಕ್ಸಸ್ 285 ಎಚ್‌ಎಸ್ ತೆಳ್ಳಗಿದೆ, 25ರಿಂದ 300 ಮಿ.ಮೀ.ವರೆಗೆ ಜೂಮ್.

ಹಕ್ಕಿ, ವೇದಿಕೆ, ದೂರದ ಗೋಪುರ: ಸೋನಿ ಡಬ್ಲ್ಯುಎಕ್ಸ್500 (2015, 30 ಪಟ್ಟು), ಕ್ಯಾನನ್ ಎಸ್‌ಎಕ್ಸ್740 (2018, 40 ಪಟ್ಟು), ಪ್ಯಾನಾಸೋನಿಕ್ ಲುಮಿಕ್ಸ್ ಟಿಜೆಡ್ ಸಾಲು. ಸೆನ್ಸರ್ ಮಾತ್ರ ಸಣ್ಣದು. ಬಿಸಿಲಿದ್ದಾಗ ಭೇಷ್, ಸಂಜೆಗೆ ಸುಸ್ತು.

ಕಡಿಮೆ ಬೆಳಕು: ಕ್ಯಾನನ್ ಎಸ್95 (2010), ಪ್ಯಾನಾಸೋನಿಕ್ ಎಲ್‌ಎಕ್ಸ್7 (2012). ಎಲ್‌ಎಕ್ಸ್7ರ ಲೆನ್ಸಿನ ಬೆಳಕಿನ ಅಂಕಿ (ಎಫ್) 1.4ರಿಂದ ಶುರುವಾಗುತ್ತದೆ, ಕತ್ತಲಿಗೆ ಹೇಳಿ ಮಾಡಿಸಿದ್ದು. ಇನ್ನೂ ಸ್ವಲ್ಪ ದುಡ್ಡು ಕೂಡಿಸಬಲ್ಲಿರಾದರೆ 2012ರ ಮೊದಲ ಸೋನಿ ಆರ್‌ಎಕ್ಸ್100. ಒಂದು ಇಂಚಿನ ಸೆನ್ಸರ್ ಇದ್ದೂ ಜೇಬಿನಲ್ಲಿ ಹಿಡಿಯುತ್ತದೆ. ಕ್ಯಾನನ್ ಜಿ7 ಎಕ್ಸ್ ಹೆಸರನ್ನು ಎಲ್ಲರೂ ಹೇಳುತ್ತಾರೆ, ಕ್ಯಾಮೆರಾ ಒಳ್ಳೆಯದೇ. ಆದರೆ ರೀಲ್ಸ್ ಮಾಡುವವರ ದೆಸೆಯಿಂದ ಅದರ ಬೆಲೆ ಮೇಲಕ್ಕೆ ಹೋಗಿ ಕೂತಿದೆ, ‘ಅಗ್ಗ’ ಅನ್ನುವ ಲೆಕ್ಕಕ್ಕೆ ಈಗ ಬರುವುದಿಲ್ಲ.

ನೀರಿನೊಳಗೆ ಇಳಿಸುವ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಕೊಂಡು ನೀರಿಗಿಳಿಸಬೇಡಿ. ಬಾಗಿಲ ರಬ್ಬರ್ ಹಳತಾಗಿದ್ದರೆ ಮೊದಲ ಮುಳುಗೇ ಕೊನೆಯದು.

ಜಪಾನಿನಿಂದ ಬಂದ ಹಳೆಯ ಕ್ಯಾಮೆರಾಗಳೂ ಮಾರಾಟಕ್ಕಿರುತ್ತವೆ. ಅಲ್ಲಿ ಮಾರಲೆಂದೇ ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಇಂಗ್ಲಿಷಿಗೆ ಬದಲಿಸಲು ಆಗುವುದಿಲ್ಲ. ಕೊಳ್ಳುವ ಮೊದಲು ಮೆನುವಿನ ಫೋಟೊ ಕೇಳಿ. ಅಮೆರಿಕದಲ್ಲಿರುವ ಮಗನೋ ಅಣ್ಣನೋ ತರುವುದಾದರೆ ಚಾರ್ಜರ್ ನಮ್ಮ ಕರೆಂಟಿಗೂ ಸಾಮಾನ್ಯವಾಗಿ ಹೊಂದುತ್ತದೆ, ಪಿನ್ ಅಡಾಪ್ಟರ್ ಸಾಕು. ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಇದೆಯೇ ನೋಡಿಕೊಳ್ಳಲು ಹೇಳಿ. ವಾರಂಟಿ ಇಲ್ಲಿ ನಡೆಯುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಹಂತ 7: ಕೈಯಲ್ಲಿ ಹಿಡಿದು ಪರೀಕ್ಷೆ

ಇದೇ ನಿಜವಾದ ಹಂತ, ಅವಸರ ಬೇಡ. ಹೋಗುವಾಗ ನಿಮ್ಮದೇ ಎಸ್‌ಡಿಎಚ್‌ಸಿ ಕಾರ್ಡ್, ಒಂದು ದಿನಪತ್ರಿಕೆ, ಸ್ವಲ್ಪ ಗಮ್ ಟೇಪ್, ಕಾರ್ಡ್ ರೀಡರ್ ಒಯ್ಯಿರಿ. ಟಾರ್ಚ್ ಫೋನಿನಲ್ಲೇ ಇದೆ. ಹಗಲು ಹೊತ್ತು ಹೋಗಿ.

ಮೊದಲು ಮೈ ನೋಡಿ. ಮೂಲೆಗಳಲ್ಲಿ ತಗ್ಗು ಬಿದ್ದಿದ್ದರೆ ಕ್ಯಾಮೆರಾ ಬಿದ್ದಿದೆ ಅಂತಲೇ ಲೆಕ್ಕ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಬಾಗಿಲು ಕ್ಲಿಕ್ ಅಂತ ಕೂರಬೇಕು. ಅದರ ಕೊಂಡಿ ಮುರಿದು ರಬ್ಬರ್‌ಬ್ಯಾಂಡ್ ಹಾಕಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ ಬೇಡ.

ಆನ್ ಮಾಡಿ ಕಿವಿ ಹತ್ತಿರ ಹಿಡಿಯಿರಿ. ಲೆನ್ಸ್ ಒಂದೇ ಸಮನೆ ಝೀ ಅಂತ ಹೊರಬರಬೇಕು. ಕರಕರ ಅಂದರೆ, ನಡುವೆ ತಡವರಿಸಿದರೆ ಒಳಗೆ ಮರಳು ಸೇರಿರಬಹುದು. ಕಡಲ ತೀರಕ್ಕೆ ಹೋಗಿ ಬಂದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಹತ್ತು ಸಲ ಆನ್ ಆಫ್ ಮಾಡಿ, ಜೂಮ್ ಹಿಂದೆ ಮುಂದೆ ಮಾಡಿ. ದಿನಾಂಕ ಕೇಳುತ್ತಿದ್ದರೆ ಒಮ್ಮೆ ಹೊಂದಿಸಿ, ಆಫ್ ಮಾಡಿ ಆನ್ ಮಾಡಿ. ಮತ್ತೆ ಕೇಳಿದರೆ ಒಳಗಿನ ಸಣ್ಣ ಬ್ಯಾಟರಿ ಹೋಗಿರಬಹುದು. ಇದು ದೊಡ್ಡ ದೋಷವಲ್ಲ, ಚೌಕಾಸಿಗೆ ಒಳ್ಳೆಯ ನೆಪ.

ಈಗ ಲೆನ್ಸ್. ಫೋನಿನ ಟಾರ್ಚನ್ನು ಓರೆಯಾಗಿ ಗಾಜಿನೊಳಗೆ ಬಿಟ್ಟು ಬೇರೆ ಬೇರೆ ಕೋನದಿಂದ ನೋಡಿ. ಒಂದೆರಡು ಧೂಳಿನ ಕಣ ಪರವಾಗಿಲ್ಲ. ಜೇಡರ ಬಲೆಯ ಎಳೆಗಳಂತೆ, ಬೇರು ಬಿಟ್ಟಂತೆ ಬಿಳಿ ಗೆರೆಗಳು ಹರಡಿದ್ದರೆ ಅದು ಫಂಗಸ್, ಅಂದರೆ ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೀರುವಿನೊಳಗೆ ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾಗಳಿಗೆ ಇದು ಬೇಗ ಹಿಡಿಯುತ್ತದೆ. ದೊಡ್ಡ ಕ್ಯಾಮೆರಾದ ಲೆನ್ಸ್ ಬಿಚ್ಚಿ ಕ್ಲೀನ್ ಮಾಡಿಸಬಹುದು. ಈ ಸಣ್ಣ ಕ್ಯಾಮೆರಾದಲ್ಲಿ ಆ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ.

ದಿನಪತ್ರಿಕೆಯ ಪುಟವನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. ಅದರ ಎದುರಿಗೆ ನೇರ ನಿಂತು, ಪುಟ ಇಡೀ ಚೌಕಟ್ಟು ತುಂಬುವಂತೆ, ಜೂಮ್ ಮಾಡದೆ ಒಂದು, ಅರ್ಧ ಜೂಮ್‌ನಲ್ಲಿ ಒಂದು, ಪೂರ್ತಿ ಜೂಮ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಹಿಂದೆ ಸರಿಯಲು ಜಾಗ ಬೇಕಾಗುತ್ತದೆ. ಆಮೇಲೆ ದೊಡ್ಡದು ಮಾಡಿ ನಾಲ್ಕೂ ಮೂಲೆಯ ಅಕ್ಷರ ಓದಿ. ನಾಲ್ಕೂ ಮೂಲೆ ಸ್ವಲ್ಪ ಮಂದವಾಗಿದ್ದರೆ ಸಹಜ. ಮೂರು ಚೊಕ್ಕವಾಗಿದ್ದು ಒಂದೇ ಮೂಲೆ ಕಲಸಿಹೋಗಿದ್ದರೆ ಲೆನ್ಸ್ ಓರೆಯಾಗಿದೆ, ಅಂದರೆ ಬಿದ್ದ ಪೆಟ್ಟು. ಮಾರುವವರು ‘ಫೋಕಸ್ ಸರಿ ಆಗಿಲ್ಲ ಅಷ್ಟೇ’ ಅನ್ನುತ್ತಾರೆ. ಇನ್ನೆರಡು ಸಲ ತೆಗೆಯಿರಿ. ಮತ್ತೆ ಅದೇ ಮೂಲೆ ಬಂದರೆ ಎದ್ದು ಬನ್ನಿ.

ಮುಂದೆ ಸೆನ್ಸರ್ ಧೂಳು. ಇದನ್ನು ಬಹುತೇಕ ಯಾರೂ ನೋಡುವುದಿಲ್ಲ. ಜೂಮ್ ಲೆನ್ಸ್ ಹೊರಗೆ ಬರುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಪೂರ್ತಿ ಜೂಮ್ ಹಾಕಿ ಮೋಡವಿಲ್ಲದ ಆಕಾಶದ ಅಥವಾ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ನೋಡಿ ನಂಬಬೇಡಿ, ಕಾರ್ಡನ್ನು ಫೋನಿಗೆ ಹಾಕಿ ನೋಡಿ. ಬೂದು ಬಣ್ಣದ ಮಸುಕು ಚುಕ್ಕೆ ಒಂದೇ ಜಾಗದಲ್ಲಿ ಎಲ್ಲ ಫೋಟೊದಲ್ಲೂ ಕಂಡರೆ ಧೂಳು ಸೆನ್ಸರ್ ಮೇಲೆ ಕೂತಿದೆ. ಅಂಚಿನಲ್ಲಿ ಒಂದು ತಿಳಿ ಚುಕ್ಕೆ ಇದ್ದರೆ ಬೆಲೆ ಇಳಿಸಿ ತಗೊಳ್ಳಿ. ನಡುವೆ ಇದ್ದರೆ ಎಲ್ಲರ ಮುಖದ ಮೇಲೂ ಅದೇ ಬೀಳುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಅಂಗೈಯಿಂದ ಲೆನ್ಸ್ ಮುಚ್ಚಿ, ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೊ: ಕಪ್ಪಿನಲ್ಲಿ ಬಣ್ಣದ ಗೆರೆಗಳು ಕಂಡರೆ ಸೆನ್ಸರ್ ಹಾಳು. ಫ್ಲ್ಯಾಶ್ ಹೊಡೆಯುತ್ತದೆಯೇ, ಮತ್ತೆ ಚಾರ್ಜ್ ಆಗಲು ಎಷ್ಟು ಹೊತ್ತು ತಗೊಳ್ಳುತ್ತದೆ ನೋಡಿ. ಅರ್ಧ ನಿಮಿಷ ಮಾತಾಡುತ್ತಾ ವಿಡಿಯೊ ಮಾಡಿ ದನಿ ಕೇಳಿ. ಎಲ್ಲಾ ಗುಂಡಿಗಳನ್ನೂ ಒತ್ತಿ. ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ಫೋಕಸ್ ಹಸಿರು ಚೌಕ ಬರಬೇಕು, ಪೂರ್ತಿ ಒತ್ತಿದಾಗ ಮಾತ್ರ ಫೋಟೊ ಆಗಬೇಕು.

ದೂರದಿಂದ ತರಿಸುವುದಾದರೆ ಇದೇ ಪರೀಕ್ಷೆಗಳನ್ನು ಮಾರುವವರಿಂದ ಮಾಡಿಸಿ. ಆಕಾಶದ ಫೋಟೊ, ದಿನಪತ್ರಿಕೆಯ ಫೋಟೊ, ಲೆನ್ಸ್ ಹೊರಬರುವ ವಿಡಿಯೊ ಕೇಳಿ. ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಕುಗ್ಗಿ ಬಂದು ಏನೂ ತಿಳಿಯುವುದಿಲ್ಲ. ಕಳಿಸಲು ನೂರೆಂಟು ಸಬೂಬು ಹೇಳುವವರನ್ನು ಬಿಟ್ಟುಬಿಡಿ.

ಹಂತ 8: ದುಡ್ಡು ಕೊಡುವಾಗ

ಕ್ಯಾಮೆರಾ ಕೈಗೆ ಬರುವ ಮೊದಲು ಒಂದು ರೂಪಾಯಿ ಅಡ್ವಾನ್ಸ್ ಬೇಡ. ‘ನಾನು ಸೈನ್ಯದಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಅಗ್ಗಕ್ಕೆ ಕೊಡುತ್ತಿದ್ದೇನೆ, ಕೊರಿಯರ್ ಖರ್ಚು ಮೊದಲು ಹಾಕಿ’ ಅನ್ನುವುದು ಹಳೇ ಸಾಮಾನು ಮಾರುವ ಜಾಲತಾಣಗಳಲ್ಲಿ ಸವೆದುಹೋದ ಮೋಸ. ಗುರುತಿನ ಚೀಟಿಯ ಫೋಟೊ ಕಳಿಸಿದರೂ ನಂಬಬೇಡಿ. ಮೋಸ ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡಮಾಡಿದಷ್ಟೂ ದುಡ್ಡು ಸಿಗುವುದು ಕಷ್ಟ.

ಕದ್ದ ಫೋನನ್ನು ಐಎಂಇಐ ನಂಬರಿನಿಂದ ಪತ್ತೆ ಹಚ್ಚಬಹುದು, ಕ್ಯಾಮೆರಾಗೆ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಬೆಂಗಳೂರಿನ ಭಾನುವಾರದ ಚೋರ್ ಬಜಾರ್‌ನಂಥ ಕಡೆ ರಾಶಿಯಲ್ಲಿ ಸಿಕ್ಕ ಕ್ಯಾಮೆರಾ ಎಷ್ಟೇ ಅಗ್ಗ ಕಂಡರೂ ಬಿಲ್, ಡಬ್ಬಿ, ಮೂಲ ಚಾರ್ಜರ್ ಏನೂ ಇಲ್ಲದಿದ್ದರೆ ದೂರ ಇರಿ. ಅಲ್ಲಿ ಬ್ಯಾಟರಿ ಹಾಕಿ ನೋಡಲೂ ಆಗುವುದಿಲ್ಲ. ಅಂಗಡಿಯಲ್ಲಿ ಕೊಂಡರೆ ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ, ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತಾರೆ ಅನ್ನುವುದನ್ನು ಅದರ ಮೇಲೇ ಬರೆಸಿ. ಬಾಯಿಮಾತಿನ ಗ್ಯಾರಂಟಿ ಅಂಗಡಿ ಮೆಟ್ಟಿಲು ಇಳಿಯುವವರೆಗೆ ಮಾತ್ರ.

ಆನ್‌ಲೈನ್‌ನಲ್ಲಿ ಹೊಸದು ತರಿಸಿದರೆ ‘ಬದಲಿ ಮಾತ್ರ, ಹಣ ವಾಪಸ್ ಇಲ್ಲ’ ಎಂಬ ಷರತ್ತು ಇದೆಯೇ ಮೊದಲೇ ಓದಿ. ಪಾರ್ಸೆಲ್ ಒಡೆಯುವುದನ್ನು ನಿಲ್ಲಿಸದೆ ಒಂದೇ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಕಾಣುವಂತೆ. ಅಂಗಡಿ ಅಥವಾ ತಾಣ ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹಂತ 9: ಮನೆಗೆ ಬಂದ ಮೇಲೆ

ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರ್‌ನಲ್ಲಿ ಅಲ್ಲ. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು ಜೋರಾಗಿ ಬಳಸಿ. ಬಿಸಿಲಲ್ಲಿ, ರಾತ್ರಿ, ಬ್ಯಾಟರಿ ಪೂರ್ತಿ ಖಾಲಿ ಆಗುವವರೆಗೆ. ಕ್ಯಾಮೆರಾ ಬಿಸಿಯಾದ ಮೇಲೆ ಬರುವ ತೊಂದರೆಗಳು ಅಂಗಡಿಯ ಐದು ನಿಮಿಷದಲ್ಲಿ ಕಾಣುವುದಿಲ್ಲ.

ಇಡುವುದಕ್ಕೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜೆಲ್ ತಗೊಂಡರೆ ತೇವ ಹೀರಿದ್ದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಆಗಾಗ ತೆಗೆದು ಬಳಸಿ, ಬಳಸುವ ಕ್ಯಾಮೆರಾಗೆ ಬೂಷ್ಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಹೊರಗೆ ತೆಗೆದಿಡಿ. ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿ ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಸತ್ತ ಹಳೆಯ ಕ್ಯಾಮೆರಾವನ್ನು ಗುಜರಿಗೆ ಹಾಕುವ ಮೊದಲು ಕಾರ್ಡ್ ತೆಗೆದುಕೊಳ್ಳಿ. ಕಾರ್ಡ್ ಇಲ್ಲದೆಯೂ ಕೆಲವು ಕ್ಯಾಮೆರಾಗಳು ಒಳಗಿನ ಮೆಮೊರಿಯಲ್ಲಿ ಒಂದಷ್ಟು ಫೋಟೊ ಇಟ್ಟುಕೊಳ್ಳುತ್ತವೆ. ಆನ್ ಆಗುವಂತಿದ್ದರೆ ಕಾರ್ಡ್ ಹೊರಗಿಟ್ಟು ಪ್ಲೇ ಗುಂಡಿ ಒತ್ತಿ ನೋಡಿ. ಚಾರ್ಜರ್ ಮತ್ತು ಕೇಬಲ್ ಹೊಸ ಕ್ಯಾಮೆರಾಗೆ ಹೊಂದಿದರೆ ಇಟ್ಟುಕೊಳ್ಳಿ. ಬ್ಯಾಟರಿಯನ್ನು ಮಾತ್ರ ಹಸಿ ಕಸ ಒಣ ಕಸದ ಜೊತೆ ಹಾಕದೆ, ತುದಿಯ ತಗಡುಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.